ಐದು ಸುತ್ತಿನ ಲೆಕ್ಕ

ಸೋಫಾ ನೋಡಿಕೊಂಡು ಬನ್ನಿ ಎಂದು ಹೆಂಡತಿ ಕಳಿಸಿದ್ದಳು. ನಾನು ರೆಗ್ಯುಲೇಟರ್ ಹಿಡಿದುಕೊಂಡು ಬಂದೆ.

2008ರ ಡಿಸೆಂಬರು. ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿ ಬಿದ್ದ ಅಲೆ ದೋಹಾದ ಪ್ರಾಜೆಕ್ಟುಗಳಿಗೂ ತಾಗಿತ್ತು. ನಮ್ಮ ಜೊತೆಗಿದ್ದ ಜರ್ಮನ್ ಎಂಜಿನಿಯರನೊಬ್ಬ ಗಂಟುಮೂಟೆ ಕಟ್ಟುತ್ತಿದ್ದ. ಗಲ್ಫಿನಲ್ಲಿ ಊರಿಗೆ ಹೊರಟವರ ಮನೆಯೆಂದರೆ ಅರ್ಧ ಸಂತೆ, ಅರ್ಧ ಸೂತಕ. ಫ್ರಿಜ್ಜು, ಮಗುವಿನ ಸೈಕಲ್ಲು, ಇಸ್ತ್ರಿ ಮೇಜು, ಕೊನೆಗೆ ಅರ್ಧ ಉಳಿದ ಶಾಂಪೂ ಬಾಟಲಿಗೂ ಒಂದು ಬೆಲೆಚೀಟಿ. ನಾನು ಹೋಗುವಷ್ಟರಲ್ಲಿ ಸೋಫಾ ಬೇರೆಯವರ ಪಾಲಾಗಿತ್ತು. ಮೂಲೆಯಲ್ಲೊಂದು ಕಪ್ಪು ಚೀಲ ಕಂಡಿತು. ಬಿಚ್ಚಿದರೆ ಕ್ರೋಮ್ ಹೊಳಪಿನ ಹಿತ್ತಾಳೆಯ ಗುಂಡು, ಅದರಿಂದ ಏಡಿಯ ಕಾಲಿನಂತೆ ಹೊರಟ ನಾಲ್ಕು ರಬ್ಬರ್ ಕೊಳವೆ. ಬೆಲೆ 400 ರಿಯಾಲ್.

ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನಾನು ಡೈವಿಂಗ್ ಕಲಿತಿದ್ದೆ. ಹೊನ್ನಾವರದಲ್ಲಿ ಹುಟ್ಟಿ, ಶರಾವತಿ ಸಮುದ್ರ ಸೇರುವಲ್ಲಿ ಬಳಚು ಹೆಕ್ಕಿ ಬೆಳೆದವನಿಗೆ ನೀರು ಹೊಸದಲ್ಲ. ಆದರೆ ನೀರಿನ ಕೆಳಗೆ ಕೂತು ಸಾವಕಾಶವಾಗಿ ಉಸಿರಾಡುವುದಿದೆಯಲ್ಲ, ಅದರ ರುಚಿ ಹತ್ತಿದ ಮೇಲೆ ಬಿಡಲಾಗಲಿಲ್ಲ. ಟ್ಯಾಂಕಿನ ಗಾಳಿಯನ್ನು ಬಾಯಿಗೆ ತಲುಪಿಸುವುದು ರೆಗ್ಯುಲೇಟರು. ಬಾಡಿಗೆಯದರಲ್ಲಿ ಹಿಂದಿನವನ ಬಾಯಿಯ ವಾಸನೆ ಇರುತ್ತಿತ್ತು. ನನ್ನದೇ ಒಂದು ಬೇಕು ಎಂದು ಆಸೆಪಡುತ್ತಿದ್ದವನಿಗೆ ದೇವರೇ ಕೊಟ್ಟಂತಾಯಿತು. ಮನೆಗೆ ಬಂದು ಚೀಲ ಬಿಚ್ಚಿ ತೋರಿಸಿದರೆ ಹೆಂಡತಿ, "ಮನೇಲಿ ಕೂರಲು ಜಾಗ ಇಲ್ಲ, ನಿಮಗೆ ಮುಳುಗಲು ಸಾಮಾನು" ಎಂದಳು.

ಮರುವಾರದ ಶುಕ್ರವಾರ ಬೆಳಕು ಹರಿಯುವ ಮೊದಲೇ ಸೀಲೈನಿಗೆ ಹೊರಟೆವು. ದೋಹಾದಿಂದ ದಕ್ಷಿಣಕ್ಕೆ ಮೆಸಯೀದ್ ದಾಟಿದರೆ ಸಿಗುವ ದಂಡೆ ಅದು. ಮರಳಿನ ದಿಬ್ಬಗಳು ಜಾರುತ್ತ ಬಂದು ಸಮುದ್ರದ ಅಂಚಿನಲ್ಲೇ ನಿಲ್ಲುತ್ತವೆ. ಕತಾರಿನಲ್ಲಿ ಡೈವಿಂಗ್ ಎಂದರೆ ಆಳದ ವೈಭವವಲ್ಲ. ಇಡೀ ಕೊಲ್ಲಿಯ ಸರಾಸರಿ ಆಳವೇ ಸುಮಾರು 35 ಮೀಟರು. ನಾವು ಇಳಿಯುತ್ತಿದ್ದುದು ಎಂಟು ಹತ್ತು ಮೀಟರಿಗೆ. ನೀರು ಎಷ್ಟು ಉಪ್ಪೆಂದರೆ ಮುಳುಗಲು ಸೊಂಟಕ್ಕೆ ಎರಡು ತುಂಡು ಸೀಸ ಹೆಚ್ಚೇ ಕಟ್ಟಬೇಕು. ನಾನು ಮದುಮಗನ ಸಡಗರದಲ್ಲಿ ನನ್ನ ರೆಗ್ಯುಲೇಟರನ್ನು ತೆಗೆದು ಟ್ಯಾಂಕಿನ ಬಾಯಿಗೆ ಹಿಡಿದೆ.

ಕೂರಲಿಲ್ಲ. ಎಲ್ಲಿ ಹೇಗೆ ಹಿಡಿದರೂ ಕೂರಲಿಲ್ಲ. ಬಾಡಿಗೆಯ ರೆಗ್ಯುಲೇಟರಿನಲ್ಲಿ ಟ್ಯಾಂಕಿನ ಕುತ್ತಿಗೆಯನ್ನು ತಬ್ಬಿಕೊಳ್ಳುವ ಚೌಕಟ್ಟು ಇರುತ್ತಿತ್ತು. ಹಿಂದಿನಿಂದ ಒಂದು ತಿರುಪು ಬಿಗಿದರೆ ಕೆಲಸ ಮುಗಿಯಿತು. ನನ್ನದರಲ್ಲಿ ಚೌಕಟ್ಟೇ ಇಲ್ಲ. ದಪ್ಪ ಬೋಲ್ಟಿನ ಹಾಗೆ ಮುಂದಕ್ಕೆ ಚಾಚಿದ ಥ್ರೆಡ್ಡಿನ ಮೂತಿ. ಟ್ಯಾಂಕಿನಲ್ಲಿ ಅದನ್ನು ತೂರಿಸಲು ತೂತಿಲ್ಲ.

ನಮ್ಮ ತರಬೇತುದಾರ ಫಿಲಿಪೀನ್ಸಿನವನು. ನಾನು ಒದ್ದಾಡುವುದನ್ನು ಚಹಾ ಮುಗಿಯುವವರೆಗೂ ನೋಡಿ ಆಮೇಲೆ ಎದ್ದು ಬಂದ. "ನಿನ್ನದು ಡಿನ್, ನಮ್ಮದು ಯೋಕ್" ಎಂದ. ಜಾತಕ ನೋಡಿ ಗಣ ಕೂಡುವುದಿಲ್ಲ ಎಂದು ಹೇಳುವ ಭಟ್ಟರ ಧ್ವನಿ.

ಯೋಕ್ ಎಂದರೆ ನೊಗ. ಎತ್ತಿನ ಹೆಗಲಿಗೆ ನೊಗ ಕೂತ ಹಾಗೆ ಚೌಕಟ್ಟು ವಾಲ್ವಿನ ಮೇಲೆ ಕೂರುತ್ತದೆ. ವಾಲ್ವಿನ ಮುಖದ ಮೇಲೆ ಸಣ್ಣ ತೋಡು, ಅದರಲ್ಲೊಂದು ರಬ್ಬರ್ ಬಳೆ. ರೆಗ್ಯುಲೇಟರು ಬಂದು ಆ ಬಳೆಯನ್ನು ಅದುಮುತ್ತದೆ, ಅಷ್ಟೆ. ಅಮೆರಿಕದಲ್ಲಿ, ನಮ್ಮ ಗಲ್ಫಿನ ಬಾಡಿಗೆ ಅಂಗಡಿಗಳಲ್ಲಿ, ಪ್ರವಾಸಿಗರು ಮುಳುಗುವ ಬಹುಪಾಲು ಬಿಸಿದೇಶಗಳಲ್ಲಿ ಇದೇ ಹೆಚ್ಚು. ಡಿನ್ ಎನ್ನುವುದು ಜರ್ಮನಿಯ ಮಾನಕ ಸಂಸ್ಥೆಯ ಹೆಸರು. ಅವರ ಪದ್ಧತಿಯಲ್ಲಿ ರೆಗ್ಯುಲೇಟರೇ ವಾಲ್ವಿನ ಹೊಟ್ಟೆಯೊಳಕ್ಕೆ ತಿರುಗುತ್ತ ಹೋಗಿ ಕೂರುತ್ತದೆ. ರಬ್ಬರ್ ಬಳೆ ಇರುವುದು ವಾಲ್ವಿನಲ್ಲಲ್ಲ, ರೆಗ್ಯುಲೇಟರಿನ ಮೂತಿಯಲ್ಲಿ. ಸುತ್ತಲೂ ಲೋಹದ ಗೋಡೆ ಇರುವುದರಿಂದ ಬಳೆಗೆ ಜಾರಿ ಹೊರಬರಲು ದಾರಿಯೇ ಇಲ್ಲ. ಇದರಲ್ಲೊಂದು ತಮಾಷೆ ಇದೆ. ಜರ್ಮನರು ಮಿಲಿಮೀಟರಿನ ಭಕ್ತರಾದರೂ ಈ ಮೂತಿಗೆ ಹಾಕಿರುವುದು ಇಂಗ್ಲೆಂಡಿನ ಅಂಗುಲದ ಥ್ರೆಡ್ಡು. ಹೆಸರು ಎಂಟನೇ ಐದು ಅಂಗುಲ. ಸ್ಕೇಲ್ ಇಟ್ಟು ಅಳೆದರೆ 23 ಮಿಲಿಮೀಟರಿನ ಹತ್ತಿರ!

ತರಬೇತುದಾರ ಟ್ಯಾಂಕುಗಳ ಸಾಲಿನಲ್ಲಿ ಒಂದೊಂದರ ಬಾಯಿಗೂ ಬೆರಳು ಹಾಕಿ ನೋಡುತ್ತ ಹೋದ. ಏಳನೆಯದರ ಹತ್ತಿರ ನಿಂತ. ಅದರ ಬಾಯೊಳಗೆ ಆರು ಮೂಲೆಯ ತೂತಿದ್ದ ಒಂದು ಹಿತ್ತಾಳೆ ಬಿಲ್ಲೆ ಕೂತಿತ್ತು. ಅಲನ್ ಕೀ ತೂರಿಸಿ ತಿರುಗಿಸಿದ, ಬಿಲ್ಲೆ ಕಳಚಿ ಅಂಗೈಗೆ ಬಿತ್ತು. ಒಳಗೆ ಥ್ರೆಡ್ಡು! ಇಷ್ಟು ಹೊತ್ತು ನೊಗದ ವಾಲ್ವಾಗಿದ್ದದ್ದು ಬಿಲ್ಲೆ ತೆಗೆದರೆ ಡಿನ್. "ಇದನ್ನು ನಾವು ಡೋನಟ್ ಅಂತೇವೆ, ಕಳೀಬೇಡ" ಎಂದ. ನನ್ನ ರೆಗ್ಯುಲೇಟರನ್ನು ಹಚ್ಚಿ ಕೈಯಲ್ಲೇ ತಿರುಗಿಸಿದ. "ಎಣಿಸು" ಎಂದ. ಒಂದು, ಎರಡು, ಮೂರು, ನಾಲ್ಕು, ಐದು. ಸ್ಪ್ಯಾನರ್ ಬೇಕಾಗಲಿಲ್ಲ. ಐದಕ್ಕೆ ತಾನಾಗಿ ನಿಂತಿತು.

ಆ ದಿನ ನನಗೆ ಅಪ್ಪನ ನೆನಪಾಯಿತು. ಅಪ್ಪನದು ಹೊನ್ನಾವರದಲ್ಲಿ ಸೈಕಲ್ ಅಂಗಡಿ. ಗಾಳಿ ಹಾಕುವುದು ನನ್ನ ಕೆಲಸ. ನಮ್ಮ ಸೈಕಲ್ಲುಗಳ ವಾಲ್ವಿನಲ್ಲಿ ಬೆಂಕಿಕಡ್ಡಿಯಷ್ಟು ತೆಳ್ಳಗಿನ ರಬ್ಬರ್ ನಳಿಗೆ ಇರುತ್ತಿತ್ತು, ವಾಲ್ ಟ್ಯೂಬು ಎನ್ನುತ್ತಿದ್ದೆವು. ಅದು ಹಳತಾದರೆ ರಾತ್ರಿ ತುಂಬಿದ ಗಾಳಿ ಬೆಳಗ್ಗೆ ಇಲ್ಲ. ಸ್ಕೂಟರಿನವರು ಬಂದರೆ ಆ ಪಂಪಿನ ಮೂತಿ ಅವರ ವಾಲ್ವಿಗೆ ಕೂರುವುದಿಲ್ಲ. ಅದಕ್ಕೆ ಬೇರೆ ಹಿಡಿ. ಫುಟ್‌ಬಾಲ್ ಹಿಡಿದು ಬಂದ ಹುಡುಗರಿಗೆ ಸೂಜಿ. ಮೂರು ಬಗೆಯ ಬಾಯಿಗೆ ಮೂರು ಬಗೆಯ ಮೂತಿ. ಗಾಳಿ ಮಾತ್ರ ಒಂದೇ. ಎಲ್ಲ ಮುಗಿದ ಮೇಲೆ ಅಪ್ಪ ಹೆಬ್ಬೆರಳಿಗೆ ಉಗುಳು ತಾಗಿಸಿ ವಾಲ್ವಿನ ತುದಿಗೆ ಸವರಿ, ಒಂದು ಕ್ಷಣ ಬಗ್ಗಿ ನೋಡುತ್ತಿದ್ದ. ಗುಳ್ಳೆ ಎದ್ದರೆ ಮತ್ತೆ ಬಿಚ್ಚು. ಏಳದಿದ್ದರೆ ಸವಾರ ಹೊರಡಬಹುದು. ಗಿರಾಕಿ ಎಷ್ಟೇ ಅವಸರ ಮಾಡಲಿ, ಆ ಒಂದು ಕ್ಷಣವನ್ನು ಅಪ್ಪ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಸೈಕಲ್ ಅಂಗಡಿಯ ಹುಡುಗ ಮುಂದೆ ಡಿಪ್ಲೊಮಾ ಮಾಡಿ, ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ 2006ರಲ್ಲಿ ಮೆಸಯೀದಿನ ಕಾರ್ಖಾನೆಯೊಂದಕ್ಕೆ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿ ಬಂದಿದ್ದ. ಅಲ್ಲೂ ಅದೇ ಕಸುಬು: ಒತ್ತಡ, ಕೊಳವೆ, ಥ್ರೆಡ್ಡು. ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿಕೊಟ್ಟ ಪಾಠವೇ ಇದು. ಇಂಗ್ಲೆಂಡಿನ ಪೈಪಿನ ಥ್ರೆಡ್ಡಿನ ಹಲ್ಲಿಗೆ 55 ಡಿಗ್ರಿಯ ಕೋನ, ಅಮೆರಿಕದ್ದಕ್ಕೆ 60. ಮೊದಲನೆಯದು 1841ರಲ್ಲಿ ಜೋಸೆಫ್ ವಿಟ್‌ವರ್ತ್ ಹಾಕಿಕೊಟ್ಟ ಪಂಕ್ತಿ, ಎರಡನೆಯದು 1864ರಲ್ಲಿ ವಿಲಿಯಂ ಸೆಲರ್ಸ್ ಹಾಕಿದ್ದು. ಅದಕ್ಕೂ ಮುಂಚೆ ಒಂದು ಕಮ್ಮಟದ ಬೋಲ್ಟು ಪಕ್ಕದ ಕಮ್ಮಟದ ನಟ್ಟಿಗೆ ಕೂರುವಂತಿರಲಿಲ್ಲ. ಪಂಕ್ತಿ ಒಂದಾಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಸುರಕ್ಷತಾ ತರಗತಿಯಲ್ಲಿ ಬಾಲ್ಟಿಮೋರಿನ ಕತೆ ಹೇಳುತ್ತಿದ್ದರು. 1904ರ ಫೆಬ್ರವರಿಯಲ್ಲಿ ಆ ನಗರಕ್ಕೆ ಬೆಂಕಿ ಬಿತ್ತು. ಅಕ್ಕಪಕ್ಕದ ಊರುಗಳಿಂದ ಅಗ್ನಿಶಾಮಕ ದಳಗಳು ಓಡಿ ಬಂದವು. ಅವರ ಕೊಳವೆಗಳ ಮೂತಿ ಬಾಲ್ಟಿಮೋರಿನ ನೀರಿನ ಕಂಬಗಳಿಗೆ ಕೂರಲಿಲ್ಲ. ನೀರಿತ್ತು, ಜನರಿದ್ದರು, 1,500ಕ್ಕೂ ಹೆಚ್ಚು ಕಟ್ಟಡಗಳು ಉರಿದುಹೋದವು.

ಹಾಗಾಗಿ ಎಲ್ಲವೂ ಎಲ್ಲದಕ್ಕೂ ಕೂರಬೇಕು, ಕೂರದಿರುವುದೇ ದೋಷ ಎನ್ನುವುದು ನನ್ನ ನಂಬಿಕೆಯಾಗಿತ್ತು. ಸೀಲೈನಿನ ದಂಡೆಯ ಮೇಲೆ ನನ್ನ ರೆಗ್ಯುಲೇಟರು ಕೂರದಿದ್ದಾಗ ಆದ ಸಿಟ್ಟಿಗೂ ಅದೇ ಕಾರಣ. ಆ ನಂಬಿಕೆ ಮೊದಲು ಅಲುಗಿದ್ದು 300 ಬಾರಿನ ಟ್ಯಾಂಕೊಂದರ ಮುಂದೆ.

ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. ಕಾರಿನ ಚಕ್ರದಲ್ಲಿರುವುದು ಎರಡು ಚಿಲ್ಲರೆ ಬಾರ್. ಬಾಡಿಗೆ ಅಂಗಡಿಯ ಅಲ್ಯೂಮಿನಿಯಂ ಟ್ಯಾಂಕಿನಲ್ಲಿ 207. ಅದರ ಹೊಟ್ಟೆಯಲ್ಲಿ 11 ಲೀಟರು ನೀರು ಹಿಡಿಯಬಹುದು, ಅಷ್ಟೇ ಜಾಗದಲ್ಲಿ ಎರಡು ಸಾವಿರ ಲೀಟರಿಗೂ ಮೀರಿದ ಗಾಳಿಯನ್ನು ಅದುಮಿಟ್ಟಿರುತ್ತಾರೆ. ಗಾಳಿಗೆ ತೂಕವಿಲ್ಲ ಎನ್ನುವವರು ಖಾಲಿ ಟ್ಯಾಂಕನ್ನೂ ತುಂಬಿದ್ದನ್ನೂ ಎತ್ತಿ ನೋಡಬೇಕು, ಎರಡೂವರೆ ಕಿಲೋ ವ್ಯತ್ಯಾಸ. ಇಷ್ಟು ಒತ್ತಡ ಒಂದು ಅಂಗಿಗುಂಡಿಯ ಗಾತ್ರದ ರಬ್ಬರ್ ಬಳೆಯ ವೃತ್ತದ ಮೇಲೆ ಬಿದ್ದರೆ ಎಷ್ಟು ಬಲ ಎಂದು ಒಂದು ರಾತ್ರಿ ಪಾಳಿಯಲ್ಲಿ ಲೆಕ್ಕ ಹಾಕಿದ್ದೆ: ಸುಮಾರು 300 ಕಿಲೋ. ನೊಗದ ಆ ಒಂದೇ ತಿರುಪು ಮೂರು ಕ್ವಿಂಟಲ್ ಭತ್ತದ ಭಾರವನ್ನು ತಡೆದು ನಿಂತಿರುತ್ತದೆ! ಅದಕ್ಕೇ ನೊಗದ ಪದ್ಧತಿಗೆ 232 ಬಾರ್ ಗಡಿ. ಡಿನ್‌ನಲ್ಲಿ ಎರಡು ಬಗೆ. 232 ಬಾರಿನದಕ್ಕೆ ಐದು ಸುತ್ತಿನ ಥ್ರೆಡ್ಡು, 300 ಬಾರಿನದಕ್ಕೆ ಏಳು, ಬಾಯಿ ಇನ್ನೂ ಆಳ.

ಯುರೋಪಿನಿಂದ ಬಂದಿದ್ದ ಒಬ್ಬನ 300 ಬಾರಿನ ಟ್ಯಾಂಕಿಗೆ ನಮ್ಮ ಗುಂಪಿನ ಇನ್ನೊಬ್ಬ ತನ್ನ ಹಳೆಯ ಐದು ಸುತ್ತಿನ ರೆಗ್ಯುಲೇಟರನ್ನು ತಿರುಗಿಸಿದ. ಸರಾಗವಾಗಿ ಒಳಗೆ ಹೋಯಿತು. ವಾಲ್ವು ತೆರೆದರೆ ಬುಸ್ಸೆಂದು ಗಾಳಿಯೆಲ್ಲ ಹೊರಗೆ. ಬಾಯಿ ಆಳವಿದ್ದದ್ದರಿಂದ ಮೂತಿ ತಳ ಮುಟ್ಟಲೇ ಇಲ್ಲ. ತಯಾರಿಸಿದವರ ಪ್ರಮಾದ ಎಂದುಕೊಂಡೆ ನಾನು. ತರಬೇತುದಾರ ತಲೆಯಾಡಿಸಿದ. ಕಡಿಮೆ ಒತ್ತಡಕ್ಕೆ ಮಾಡಿದ್ದು ಹೆಚ್ಚು ಒತ್ತಡದ ಮೇಲೆ ಅಪ್ಪಿತಪ್ಪಿಯೂ ಕೂರಬಾರದು ಎಂದೇ ಆಳ ಇಟ್ಟಿದ್ದಾರೆ. ಏಳು ಸುತ್ತಿನದು ಐದರ ಬಾಯಿಗೆ ಕೂರುತ್ತದೆ, ಐದರದು ಏಳರ ಬಾಯಿಗೆ ಕೂರುವುದಿಲ್ಲ. ಯುರೋಪಿನಲ್ಲಿ ಆಮ್ಲಜನಕ ಹೆಚ್ಚು ಬೆರೆಸಿದ ಗಾಳಿಯ ಟ್ಯಾಂಕಿಗಂತೂ ಬೇರೆಯದೇ 26 ಮಿಲಿಮೀಟರಿನ ಬಾಯಿ. ಒಂದಕ್ಕೊಂದು ಕೂರದಂತೆ ಕೂತು ಯೋಚಿಸಿದವರು ಇದ್ದಾರೆ ಎನ್ನುವುದು ನನಗೆ ಹೊಸ ತಿಳಿವಳಿಕೆ. ಬಾಗಿಲು ಮುಚ್ಚಿಕೊಂಡಿರುವುದು ಕೆಲವು ಸಲ ಒಳಗಿರುವವರ ಜಂಬದಿಂದಲ್ಲ, ಹೊರಗಿರುವವನ ಮೇಲಿನ ಕಾಳಜಿಯಿಂದ.

ಹಾಗಿದ್ದರೆ ಕೂರುವುದೋ ಕೂರದಿರುವುದೋ ಯಾವುದು ಕೇಡು? ಎರಡೂ ಅಲ್ಲ ಎಂದು ಕಲಿಸಿದ ಘಟನೆ 2012ರದ್ದು. ಹೇಳಲು ಇವತ್ತಿಗೂ ನಾಚಿಕೆ.

ಆ ಹೊತ್ತಿಗೆ ನಾವು ಆರೇಳು ಜನ ಗೆಳೆಯರು ಸೇರಿ ಹಳೆಯ ಟ್ಯಾಂಕುಗಳನ್ನು ಕೊಂಡಿದ್ದೆವು. ವಾರಕ್ಕೊಮ್ಮೆ ಪಶ್ಚಿಮ ದಂಡೆಯ ಉಮ್ ಬಾಬ್‌ಗೆ ಹೋಗುವುದು. ಸಿಮೆಂಟ್ ಕಾರ್ಖಾನೆಯ ದೂಳು ದಾಟಿದರೆ ನಾಲ್ಕಾರು ಖರ್ಜೂರದ ಮರ, ಕನ್ನಡಿಯಂಥ ನೀರು. ಟ್ಯಾಂಕುಗಳ ಉಸ್ತುವಾರಿ ನನಗೆ ಬಿದ್ದಿತ್ತು, ಥ್ರೆಡ್ಡಿನ ಕಸುಬಿನವನು ಎಂದು. ಒಂದು ಟ್ಯಾಂಕಿನ ವಾಲ್ವು ಸೋರತೊಡಗಿತು. ಊರಿಗೆ ಹೊರಟ ಯಾರಿಂದಲೋ ಸಿಕ್ಕ ಇನ್ನೊಂದು ವಾಲ್ವು ನನ್ನ ಡಬ್ಬಿಯಲ್ಲಿತ್ತು. ಇಲ್ಲಿಯವರೆಗೆ ಹೇಳಿದ್ದು ವಾಲ್ವಿಗೂ ರೆಗ್ಯುಲೇಟರಿಗೂ ಇರುವ ಸಂಬಂಧ. ವಾಲ್ವಿಗೂ ಟ್ಯಾಂಕಿನ ಕುತ್ತಿಗೆಗೂ ಇರುವುದು ಅದಕ್ಕಿಂತ ಹಳೆಯ, ಅದಕ್ಕಿಂತ ಗಂಭೀರ ಸಂಬಂಧ. ಅದನ್ನು ಅಷ್ಟಾಗಿ ಯಾರೂ ನೋಡುವುದಿಲ್ಲ, ಯಾಕೆಂದರೆ ಅದು ದಿನಾ ಬಿಚ್ಚಿ ಕಟ್ಟುವಂಥದ್ದಲ್ಲ.

ಮನೆಯ ತಾರಸಿಯ ಮೇಲೆ ಕೂತು ಹಳೆಯದನ್ನು ಬಿಚ್ಚಿ, ಹೊಸದನ್ನು ತಿರುಗಿಸಿದೆ. ಮೊದಲೆರಡು ಸುತ್ತು ಸ್ವಲ್ಪ ಅಲುಗಾಡಿದ ಹಾಗೆ ಅನಿಸಿತು. ಹಳೆಯ ಟ್ಯಾಂಕು, ಸವೆದಿರಬೇಕು ಎಂದುಕೊಂಡೆ. ಆಮೇಲೆ ಬಿಗಿಯಾಯಿತು. ಕೊನೆಯ ಸುತ್ತುಗಳಿಗೆ ಸ್ಪ್ಯಾನರ್ ಹಾಕಿದೆ, ಇನ್ನೂ ಬಿಗಿಯಾಯಿತು. ಗಟ್ಟಿ ಕೂತಿತು ಎಂದು ಖುಷಿಪಟ್ಟೆ. ಮಾಫಿ ಮುಷ್ಕಿಲ್ ಎನ್ನುವುದು ಗಲ್ಫಿನ ಜಪ: ತೊಂದರೆ ಇಲ್ಲ, ನಡೆಯುತ್ತದೆ. ಅದೇ ಜಪ ಮಾಡಿಕೊಂಡು ಗಾಳಿ ತುಂಬಿಸಲು ಒಯ್ದೆ.

ಕಂಪ್ರೆಸರ್ ನೋಡಿಕೊಳ್ಳುತ್ತಿದ್ದವನು ಬಜ್ಪೆ ಕಡೆಯ ಹುಡುಗ, ಇಪ್ಪತ್ತೈದರ ಒಳಗಿನ ವಯಸ್ಸು. ಕರ್ನಾಟಕ ಸಂಘದ ರಾಜ್ಯೋತ್ಸವದಲ್ಲಿ, ದೋಹಾದ ಭಾರತೀಯ ಸಾಂಸ್ಕೃತಿಕ ಕೇಂದ್ರ ಐಸಿಸಿಯ ಅಶೋಕ ಹಾಲ್‌ನಲ್ಲಿ, ಊಟದ ಸಾಲಿನಲ್ಲಿ ಪರಿಚಯವಾಗಿದ್ದ. ಟ್ಯಾಂಕು ಇಳಿಸಿಕೊಂಡವನು ಕೊಳವೆ ಹಚ್ಚಲಿಲ್ಲ. ವಾಲ್ವಿನ ಬುಡಕ್ಕೆ ಕಣ್ಣು ಹತ್ತಿರ ತಂದು ನೋಡಿದ. ಟ್ಯಾಂಕಿನ ಭುಜದ ಮೇಲೆ ಒತ್ತಿದ್ದ ಅಕ್ಷರಗಳ ಮೇಲೆ ಬೆರಳು ಓಡಿಸಿದ: ಡಾಟ್, 3ಎಎಲ್, 3000, ಎಸ್80. ಅಮೆರಿಕದ ಮುದ್ರೆ. ವಾಲ್ವಿನ ಮೇಲಿದ್ದದ್ದು ಎಂ25. "ಯಾರು ಹಾಕಿದ್ದು ಅಣ್ಣಾ ಇದು?" ಎಂದ. ನಾನೇ ಎಂದೆ. "ಎಷ್ಟು ಸುತ್ತು ಹೋಯ್ತು?" ಎಣಿಸಿರಲಿಲ್ಲ. ಅವನು ಏನೂ ಮಾತಾಡದೆ ಬಿಚ್ಚತೊಡಗಿದ. ಬಿಚ್ಚಿದ ವಾಲ್ವನ್ನು ನನ್ನ ಅಂಗೈಗಿಟ್ಟು ಹೇಳಿದ, "ಇದು ಕೂತದ್ದಲ್ಲ ಅಣ್ಣಾ. ಕೂತ ಹಾಗೆ ನಟನೆ ಮಾಡ್ತಾ ಇದ್ದದ್ದು."

ಥ್ರೆಡ್ಡಿನ ತುದಿಗಳಲ್ಲಿ ಮಾತ್ರ ಹೊಳಪು ಗೆರೆಗಳು ಮೂಡಿದ್ದವು, ಬುಡದಲ್ಲಿ ಮೊದಲಿನ ಹಾಗೇ ಮಂಕು. ಅಂದರೆ ಹಲ್ಲಿಗೆ ಹಲ್ಲು ಕೂತಿರಲೇ ಇಲ್ಲ, ಅಂಚು ಅಂಚಿಗೆ ತಾಗಿ ನಿಂತಿತ್ತು. ವಾಲ್ವು ಯುರೋಪಿನ ಮೆಟ್ರಿಕ್ ಪಂಕ್ತಿಯದು: 25 ಮಿಲಿಮೀಟರ್ ಅಗಲ, ಒಂದು ಸುತ್ತಿಗೆ 2 ಮಿಲಿಮೀಟರ್ ನಡೆ. ಟ್ಯಾಂಕಿನದು ಅಮೆರಿಕದ ಮುಕ್ಕಾಲು ಅಂಗುಲ: ಅಗಲ 26 ಮಿಲಿಮೀಟರಿಗೂ ಚೂರು ಹೆಚ್ಚು, ಅಂಗುಲಕ್ಕೆ 14 ಸುತ್ತು, ಅಂದರೆ ಒಂದು ಸುತ್ತಿಗೆ 1.8 ಮಿಲಿಮೀಟರ್ ನಡೆ. ಮೊದಲು ಅಲುಗಾಡಿದ್ದು ಅಗಲದ ವ್ಯತ್ಯಾಸಕ್ಕೆ, ಆಮೇಲೆ ಬಿಗಿಯಾದದ್ದು ನಡೆಯ ವ್ಯತ್ಯಾಸಕ್ಕೆ. ನಾನು ಭದ್ರತೆ ಎಂದುಕೊಂಡ ಬಿಗಿ ನಿಜಕ್ಕೂ ಜಗಳದ ಬಿಗಿ. ತುಂಬಿದ ಟ್ಯಾಂಕಿನಲ್ಲಿ ಆ ವಾಲ್ವಿನ ಬುಡದ ಮೇಲೆ ಬೀಳುವ ಬಲ ಸುಮಾರು ಒಂದು ಟನ್. ಅಂಚುಗಳು ಅದನ್ನು ಎಷ್ಟು ಹೊತ್ತು ತಡೆದಾವು? ಕಿತ್ತುಕೊಂಡರೆ ಆ ಹಿತ್ತಾಳೆ ತುಂಡು ಗುಂಡಿನಂತೆ ಹಾರುತ್ತದೆ. ಡೈವಿಂಗ್ ಜಗತ್ತಿನಲ್ಲಿ ಈ ಎರಡು ಪಂಕ್ತಿಗಳ ಬೆರಕೆಯಿಂದ ಆದ ಅನಾಹುತಗಳನ್ನೂ, ಕಟ್ಟುನಿಟ್ಟಿನ ಎಚ್ಚರಿಕೆಗಳನ್ನೂ ಆಮೇಲೆ ಹುಡುಕಿ ಓದಿದೆ. ತುಂಬುವಾಗ ಅದರ ಮುಂದೆ ನಿಂತಿರುತ್ತಿದ್ದವನು ಆ ಹುಡುಗ. ಅವನ ಕೈಯಲ್ಲಿ ಆಗುತ್ತಿದ್ದುದಕ್ಕೆ ಕಾರಣ ನಾನು. 55 ಮತ್ತು 60 ಡಿಗ್ರಿಯ ಪಾಠವನ್ನು ಹೊಸಬರಿಗೆ ಹೇಳಿಕೊಡುತ್ತಿದ್ದ ನಾನು.

ಅವತ್ತಿನಿಂದ ನನಗೆ ಒಂದು ಖಚಿತವಾಯಿತು. ಪೂರ್ತಿ ಕೂರದಿರುವುದು ಪ್ರಾಮಾಣಿಕ, ಅದು ದಂಡೆಯ ಮೇಲೇ ನಮ್ಮನ್ನು ನಿಲ್ಲಿಸುತ್ತದೆ. ಪೂರ್ತಿ ಕೂತದ್ದು ನೀರಿನ ಕೆಳಗೂ ಕೈಬಿಡುವುದಿಲ್ಲ. ಕೊಲ್ಲುವುದು ಇವೆರಡರ ನಡುವಿನದು, ಮುಕ್ಕಾಲು ಪಾಲು ಕೂತದ್ದು. ಅದರ ಬಿಗಿಯನ್ನು ನಂಬಬಾರದು, ಸುತ್ತುಗಳನ್ನು ಎಣಿಸಬೇಕು.

ಇಷ್ಟಾದ ಮೇಲೂ ನಾನು ಇನ್ನೊಮ್ಮೆ ಎಡವಿದೆ. 2017ರ ಜೂನ್ 5ರಂದು ನೆರೆಯ ದೇಶಗಳು ಕತಾರಿಗೆ ದಿಗ್ಬಂಧನ ಹಾಕಿದವು. ಸೌದಿಯ ಕಡೆಗಿನ ಒಂದೇ ಒಂದು ನೆಲಗಡಿ ಮುಚ್ಚಿತು, ದುಬೈನಿಂದ ಬರುತ್ತಿದ್ದ ಸಾಮಾನು ನಿಂತಿತು. ಹಾಲು ಮೊಸರಿನ ಗಾಬರಿ ಕೆಲವೇ ದಿನಗಳಲ್ಲಿ ತಣ್ಣಗಾಯಿತು, ಒಮಾನಿನ ಸೊಹಾರ್, ಸಲಾಲಾ ಬಂದರುಗಳ ಮೂಲಕ ಹಡಗುಗಳು ಬರತೊಡಗಿದವು. ಆದರೆ ನಮ್ಮ ರಬ್ಬರ್ ಬಳೆಗಳಂಥ ಚಿಲ್ಲರೆ ಸರಕನ್ನು ಆ ಹಡಗುಗಳಲ್ಲಿ ಯಾರು ನೆನಪಿಟ್ಟು ತರಿಸುತ್ತಾರೆ? ನೊಗದ ವಾಲ್ವಿನ ಬಳೆಗೆ 014 ಎನ್ನುವ ಅಳತೆ, ಡಿನ್ ಮೂತಿಯದಕ್ಕೆ 112. ಒಳಗಿನ ಅಗಲ ಎರಡರದ್ದೂ ಹನ್ನೆರಡು ಚಿಲ್ಲರೆ ಮಿಲಿಮೀಟರು, ದಪ್ಪ ಮಾತ್ರ ಬೇರೆ: ಒಂದು 1.8, ಇನ್ನೊಂದು 2.6. ಗುಂಪಿನಲ್ಲಿ ಉಳಿದಿದ್ದದ್ದು 014ರ ಎರಡೇ ಬಳೆ. ನಾನು ಸಲ್ವಾ ರಸ್ತೆಯ ಹೈಡ್ರಾಲಿಕ್ ಸಾಮಾನಿನ ಅಂಗಡಿಯೊಂದರಿಂದ ಅದೇ ಅಳತೆಯ ಹತ್ತು ಬಳೆ ತಂದೆ. ಅಳತೆ ಕರಾರುವಾಕ್ಕು, ಬಣ್ಣವೂ ಕಪ್ಪು. ಉಮ್ ಬಾಬ್‌ನಲ್ಲಿ ಹಾಕಿ ವಾಲ್ವು ತೆರೆದೆ. ಢಂ! ಪಕ್ಕದಲ್ಲಿ ಮೀನು ಸುಡುತ್ತಿದ್ದ ಕುಟುಂಬವೊಂದು ಚಾಪೆ ಬಿಟ್ಟು ಎದ್ದಿತು. ಬಳೆ ಹಿಂಡಿಕೊಂಡು ಹೊರಬಂದು ಹರಿದಿತ್ತು. ಅಳತೆ ಅದೇ, ಗಡಸುತನ ಬೇರೆ. ಡೈವಿಂಗಿನದು 90ರ ಗಡಸು, ಅಂಗಡಿಯವನು ಕೊಟ್ಟದ್ದು 70. ಅವಸರಕ್ಕೆ ಬಿದ್ದು ಕೇಳಿರಲಿಲ್ಲ. ಪುಣ್ಯಕ್ಕೆ ಅದು ನೀರಿನ ಮೇಲೆ, ಟ್ಯಾಂಕಿನ ಹತ್ತಿರ ಯಾರೂ ಬಗ್ಗಿರಲಿಲ್ಲ.

ಕತಾರ್ ಬಿಡುವ ವರ್ಷ, 2019ರಲ್ಲಿ, ಹೊಸದಾಗಿ ತೆರೆದಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಬರೋಡಾದ ಮುತ್ತಿನ ಜಮಖಾನೆ ಇದೆ. ಗಾಯಕವಾಡ ಅರಸ ಖಂಡೇರಾಯ 1865ರಲ್ಲಿ ಮಾಡಿಸಲು ಹಚ್ಚಿದ್ದು, ಹದಿನೈದು ಲಕ್ಷದಷ್ಟು ಕೊಲ್ಲಿಯ ಮುತ್ತುಗಳು. ಈ ಸಮುದ್ರದ ತಳದಿಂದ ಮುಂಬಯಿಯ ಪೇಟೆಗೆ, ಅಲ್ಲಿಂದ ಬರೋಡಾಕ್ಕೆ ಹೋದ ಮುತ್ತು ತಿರುಗಿ ಬಂದು ಹುಟ್ಟಿದ ಕಡಲಿನ ಪಕ್ಕದಲ್ಲೇ ಕೂತಿದೆ. ಹೆಂಡತಿ ಜಮಖಾನೆ ನೋಡುತ್ತ ನಿಂತಳು. ನನಗೆ ಕಾಲು ಕೀಳಲಾಗದಂತೆ ಹಿಡಿದದ್ದು ಪಕ್ಕದಲ್ಲಿದ್ದ ಒಂದು ಸಣ್ಣ ಚಿಮಟ. ಫಿತಾಮ್ ಎನ್ನುತ್ತಾರೆ, ಮುತ್ತು ತೆಗೆಯಲು ಮುಳುಗುವವರು ಮೂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು, ಆಮೆಯ ಚಿಪ್ಪಿನಲ್ಲೋ ಎಲುಬಿನಲ್ಲೋ ಕೊರೆದದ್ದು.

ಜೂನಿನಿಂದ ಸೆಪ್ಟೆಂಬರಿನವರೆಗೆ, ನಾಲ್ಕು ತಿಂಗಳು ಅವರು ಹಡಗಿನಲ್ಲೇ. ಮುಳುಗುವವನು ಘೈಸ್, ಹಗ್ಗ ಹಿಡಿದು ಮೇಲೆ ನಿಲ್ಲುವವನು ಸೈಬ್, ಎಲ್ಲರ ಮೇಲೆ ನೊಖದಾ. ನಮ್ಮ ಕರಾವಳಿಯ ಹಳಬರ ಬಾಯಲ್ಲೂ ಹಡಗಿನ ಯಜಮಾನ ನಾಖುದಾನೇ. ಕಾಲಿಗೆ ಕಲ್ಲು, ಕೊರಳಿಗೆ ಬುಟ್ಟಿ, ಮೂಗಿಗೆ ಫಿತಾಮ್. ಟ್ಯಾಂಕಿಲ್ಲ, ವಾಲ್ವಿಲ್ಲ, ಒಂದು ಎದೆಯಷ್ಟು ಉಸಿರು. ಅದು ಮುಗಿಯುತ್ತ ಬಂದಾಗ ಕೆಳಗಿನವನು ಹಗ್ಗ ಜಗ್ಗುತ್ತಾನೆ, ಮೇಲಿನವನು ಎಳೆಯಬೇಕು. ಆ ಜಗ್ಗಿಗೂ ಈ ಎಳೆತಕ್ಕೂ ನಡುವೆ ಎಷ್ಟು ಸಡಿಲ ಇರಬಹುದಿತ್ತು? ಅವರ ಇಡೀ ಜೋಡಣೆ ಆ ಎರಡು ಕೈಗಳ ನಡುವೆ ಇತ್ತು. ಮೂಗಿನ ಚಿಮಟ ಗಾಜಿನ ಹಿಂದೆ ಅಷ್ಟು ಪುಟ್ಟದಾಗಿ ಕಾಣುತ್ತಿತ್ತು, ನನ್ನ ಜೇಬಿನಲ್ಲಿರುತ್ತಿದ್ದ ರಬ್ಬರ್ ಬಳೆಯ ಹಾಗೆ.

ಊರಿಗೆ ಬಂದ ಮೇಲೆ ನೇತ್ರಾಣಿಗೆ ಒಮ್ಮೆ ಹೋಗಬೇಕೆಂದಿತ್ತು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೊರಟರೆ ಸುಮಾರು 19 ಕಿಲೋಮೀಟರು ದೂರದ ದ್ವೀಪ. ಹುಡುಗನಾಗಿದ್ದಾಗ ದಂಡೆಯಿಂದ ಮಸುಕು ಮಸುಕಾಗಿ ನೋಡಿದ್ದು ಅಷ್ಟೆ. ಈಗ ಮಳೆಗಾಲ ಕಳೆದ ಮೇಲೆ ಬೆಂಗಳೂರಿನ ಹುಡುಗ ಹುಡುಗಿಯರು ಬಸ್ಸು ಇಳಿದವರೇ ಟ್ಯಾಂಕು ಹೊರುತ್ತಾರೆ. ನಾನು ಹಳೆಯ ಕಪ್ಪು ಚೀಲ ಹಿಡಿದು ಹೋದೆ. ದೋಣಿಯಲ್ಲಿದ್ದ ಟ್ಯಾಂಕುಗಳೆಲ್ಲ ನೊಗದವು. ಸಹಾಯಕ ಹುಡುಗ ಭಟ್ಕಳದ ಕಡೆಯವನು, ಮೀಸೆ ಈಗಷ್ಟೇ ಚಿಗುರಿದ್ದು. ನನ್ನ ರೆಗ್ಯುಲೇಟರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಆಗೂದಿಲ್ಲ ಸರ್, ನಮ್ದೇ ತಗಳಿ" ಎಂದ.

ನಾನು ಟ್ಯಾಂಕುಗಳ ಬಾಯಿಗೆ ಒಂದೊಂದಾಗಿ ಬೆರಳು ಹಾಕುತ್ತ ಹೋದೆ. ನಾಲ್ಕನೆಯದರಲ್ಲಿ ಆರು ಮೂಲೆ ತಾಗಿತು. ಜೇಬಿನಿಂದ ಅಲನ್ ಕೀ ತೆಗೆದೆ. ಬಿಲ್ಲೆ ಕಳಚಿಕೊಂಡಾಗ ಹುಡುಗನ ಬಾಯಿ ಹಾಗೇ ತೆರೆದಿತ್ತು. ಭುಜದ ಮೇಲಿನ ಅಕ್ಷರ ಓದಿ, ವಾಲ್ವಿನ ಬುಡ ನೋಡಿದೆ. ಎರಡೂ ಒಂದೇ ಪಂಕ್ತಿ. ರೆಗ್ಯುಲೇಟರಿನ ಮೂತಿಯ ಬಳೆಯನ್ನು ಬೆರಳಲ್ಲಿ ಸವರಿ, ಟ್ಯಾಂಕಿಗೆ ಹಚ್ಚಿ, "ನೀನೇ ತಿರುಗಿಸು" ಎಂದು ಅವನ ಕೈಗೆ ಕೊಟ್ಟೆ. ಅವನು ಸರ ಸರ ತಿರುಗಿಸಿದ.

"ಕೂತ್ತು ಸರ್."

"ಎಷ್ಟು ಸುತ್ತು?"

ಎಣಿಸಿರಲಿಲ್ಲ. ಬಿಚ್ಚಿಸಿದೆ. ದೋಣಿಯವನು ಎಂಜಿನ್ ಶುರು ಮಾಡಿ ಕೂಗುತ್ತಿದ್ದ, ಬೆಂಗಳೂರಿನವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಹುಡುಗ ಈ ಸಲ ನಿಧಾನವಾಗಿ, ತುಟಿ ಅಲುಗಿಸುತ್ತ ತಿರುಗಿಸಿದ. ಐದಕ್ಕೆ ನಿಂತಿತು. ವಾಲ್ವು ತೆರೆದು, ಟ್ಯಾಂಕಿನ ತಲೆಯನ್ನು ಸಮುದ್ರದ ನೀರು ತುಂಬಿದ್ದ ಬಕೆಟ್ಟಿಗೆ ಅದ್ದಿದೆವು. ಇಬ್ಬರೂ ಬಗ್ಗಿ ನೋಡಿದೆವು. ನೀರು ಅಲುಗಾಡಿ ಅಲುಗಾಡಿ ಸುಮ್ಮನಾಯಿತು. ಗುಳ್ಳೆ ಏಳಲಿಲ್ಲ.